ಕೊಟ್ಟವರ ಹೆಸರಿಲ್ಲದ ಮುಯ್ಯಿ

ವೋಚರ್ ಕಳಿಸಿದವರಿಗೆ ಒಂದು ಬಹಿರಂಗ ಪತ್ರ

ಪೀಣ್ಯ 2ನೇ ಹಂತ, ಬೆಂಗಳೂರು

ವೋಚರ್ ಕಳಿಸಿದವರಿಗೆ,

ಕಾಗದದ ಮೊದಲಿಗೆ ‘ಮಾನ್ಯರೇ’ ಎಂದು ಬರೆಯುವುದು ನಾನು ಕಲಿತ ರೂಢಿ. ಇಪ್ಪತ್ತೆರಡು ವರ್ಷದಿಂದ ಇಲ್ಲಿನ ಒಂದು ಮೆಷಿನ್ ಶಾಪಿನ ಲೆಕ್ಕ ನೋಡಿಕೊಳ್ಳುತ್ತಿದ್ದೇನೆ. ಬಾಕಿ ಉಳಿಸಿಕೊಂಡವರಿಗೂ, ಚೆಕ್ ಬೌನ್ಸ್ ಮಾಡಿದವರಿಗೂ ಮಾನ್ಯರೇ ಎಂದೇ ಬರೆದಿದ್ದೇನೆ. ನಿಮಗೆ ಹಾಗೆ ಬರೆಯಲು ಕೈ ಬರಲಿಲ್ಲ. ನಿಮ್ಮ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ನೀವು ಒಬ್ಬರೋ ಹತ್ತು ಜನರೋ ಅದೂ ತಿಳಿಯದು. ವಿಳಾಸವಿಲ್ಲದವರಿಗೆ ಕಾಗದ ಮುಟ್ಟಿಸಬೇಕಾದರೆ ನಾಲ್ಕು ಜನರ ಕಣ್ಣಿಗೆ ಬೀಳುವ ಹಾಗೆ ಬರೆಯಬೇಕು. ಅದಕ್ಕೇ ಇದು ಬಹಿರಂಗ ಪತ್ರ.

ನಿಮ್ಮ ಮೇಲ್ ಬಂದದ್ದು ಆಯುಧಪೂಜೆಗೆ ಆರು ದಿನ ಮುಂಚೆ. ಆ ವಾರ ಪೀಣ್ಯದಲ್ಲಿ ಉತ್ಪಾದನೆಗಿಂತ ತೊಳೆಯುವುದು, ಒರೆಸುವುದೇ ಹೆಚ್ಚು. ಲೇತ್‌ಗಳ ಎಣ್ಣೆಜಿಡ್ಡು ತೆಗೆದು, ಮಿಲ್ಲಿಂಗ್ ಮೆಷಿನ್ ಅಡಿಯಲ್ಲಿ ವರ್ಷವಿಡೀ ಬಿದ್ದ ಕಬ್ಬಿಣದ ಚೂರು ಗುಡಿಸಿ, ಗೋಡೆಗೆ ಸುಣ್ಣ ಬಳಿಯುತ್ತಾರೆ. ಜಾಲಹಳ್ಳಿ ಕ್ರಾಸಿನ ಕಡೆ ರಸ್ತೆಬದಿಯಲ್ಲಿ ಬೂದುಗುಂಬಳಕಾಯಿ, ಬಾಳೆಕಂದು, ಚೆಂಡುಹೂವು ಬಂದಿಳಿಯುತ್ತವೆ. ಬೋನಸ್ ಎಷ್ಟು, ಸ್ವೀಟ್ ಬಾಕ್ಸ್ ಯಾವ ಅಂಗಡಿಯದು ಎಂಬ ಮಾತು ಟೀ ಹೊತ್ತಿನಲ್ಲಿ ನಡೆಯುತ್ತಿರುತ್ತದೆ. ಪೂಜೆಯ ದಿನ ನಮ್ಮ ಆಫೀಸಿನ ಕಂಪ್ಯೂಟರಿಗೂ ಅರಿಸಿನ ಕುಂಕುಮ ಇಡುತ್ತೇವೆ. ಅನ್ನ ಕೊಡುವ ಆಯುಧ ಅದೂ ಒಂದು.

ಅಂಥ ವಾರದಲ್ಲಿ, ನಮಗೆ ಆಗಾಗ ಕೆಲಸ ಕೊಡುವ ಒಂದು ದೊಡ್ಡ ಕಂಪನಿಯ ಹೆಸರಿನಲ್ಲಿ ನೀವು ಬರೆದಿರಿ. ದಸರಾ ಶುಭಾಶಯ, ನಮ್ಮ ಸಪ್ಲೈಯರ್‌ಗಳಿಗೆ ₹2,000ದ ಗಿಫ್ಟ್ ವೋಚರ್, ಜೊತೆಯಲ್ಲಿರುವ ಫೈಲ್ ತೆರೆದರೆ ಕೋಡ್ ಸಿಗುತ್ತದೆ, ಮೂರೇ ದಿನ ಅವಕಾಶ. ಅದನ್ನು ತೆರೆದವಳು ನೆಲಮಂಗಲದ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ, ಬಿ.ಕಾಂ. ಮುಗಿಸಿ ವರ್ಷವಾಗಿದ್ದ ಹುಡುಗಿ. ಕೋಡ್ ಕಾಣಲಿಲ್ಲ. ಕಪ್ಪು ಕಿಟಕಿಯಂಥದ್ದು ಒಮ್ಮೆ ಮಿನುಗಿ ಮಾಯವಾಯಿತಂತೆ. ಅವಳು ಫೈಲ್ ಮುಚ್ಚಿ ಜಿಎಸ್‌ಟಿ ರಿಟರ್ನ್ ಕೆಲಸಕ್ಕೆ ಕೂತಳು.

ನೀವು ಅವಸರ ಮಾಡಲಿಲ್ಲ. ಹನ್ನೊಂದು ದಿನ ಕೂತು ನಮ್ಮ ಮೇಲ್‌ಗಳನ್ನು ಓದಿದಿರಿ. ಯಾರಿಗೆ ಯಾವ ಬಿಲ್ ಹೋಗಿದೆ, ಯಾವ ಹಣ ಬರಬೇಕಿದೆ, ನಾನು ಕಾಗದ ಹೇಗೆ ಮುಗಿಸುತ್ತೇನೆ, ಎಲ್ಲ ಕಲಿತಿರಿ. ಆಮೇಲೆ ನಮ್ಮದೇ ಮೇಲ್ ಖಾತೆಯಿಂದ, ನಮ್ಮದೇ ಲೆಟರ್‌ಹೆಡ್‌ನಲ್ಲಿ, ಹೊಸೂರಿನ ಗ್ರಾಹಕರೊಬ್ಬರಿಗೆ ಬರೆದಿರಿ: ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಮುಂದೆ ಹಣ ಈ ನಂಬರಿಗೆ ಹಾಕಿ. ಬಿಲ್ ನಂಬರ್ ಸರಿಯಿತ್ತು, ಮೊತ್ತ ಸರಿಯಿತ್ತು, ಕೆಳಗೆ ನನ್ನ ಹೆಸರಿತ್ತು. ಅವರು ₹3,40,000 ಕಳಿಸಿದರು. ನಮಗೆ ಗೊತ್ತಾದದ್ದು ಎರಡು ದಿನದ ನಂತರ, ನಾನು ಬಾಕಿ ಕೇಳಲು ಫೋನ್ ಮಾಡಿದಾಗ. ದೂರು ಕೊಟ್ಟೆವು. ಸ್ವಲ್ಪ ಹಣ ನಿಮ್ಮ ಕೈ ಸೇರದಂತೆ ತಡೆಯಲಾಯಿತು, ಉಳಿದದ್ದು ಹೋಯಿತು.

ಹಣದ ಮಾತು ಅಲ್ಲಿಗೆ ಬಿಡುತ್ತೇನೆ. ಈ ಪತ್ರ ಬರೆಯುತ್ತಿರುವುದು ಆ ಹುಡುಗಿಗಾಗಿ. ವಿಷಯ ಹೊರಬಿದ್ದ ದಿನ ಶಾಪಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಎರಡು ಸಾವಿರದ ಆಸೆಗೆ ಬಿದ್ದಳು.’ ಯಾರೋ ಅವಳ ಎದುರಿಗೇ ಅಂದರು. ನಾನು ಅಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ಅಷ್ಟು ವರ್ಷದ ಹಿರಿಯ ನಾನು ಒಂದು ಮಾತು ಆಡಿದ್ದರೆ ಅಲ್ಲಿಗೇ ನಿಲ್ಲುತ್ತಿತ್ತು. ಅವಳು ಅಳುತ್ತಾ ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ: ಕಪ್ಪು ಕಿಟಕಿ ಮಿನುಗಿದ ದಿನವೇ ಅವಳಿಗೆ ಅನುಮಾನ ಬಂದಿತ್ತು. ಸಂಜೆ ನನ್ನ ಮೇಜಿನ ತನಕ ಬಂದು, ಬೈಸಿಕೊಳ್ಳುವ ಭಯಕ್ಕೆ ವಾಪಸ್ ಹೋಗಿದ್ದಳು. ದೀಪಾವಳಿ ಆದ ಮೇಲೆ ಅವಳು ಕೆಲಸಕ್ಕೆ ಬರಲಿಲ್ಲ.

ನಿಮ್ಮ ಫೈಲ್ ಒಳಗೆ ಬರಲು ಒಂದು ಕ್ಷಣ ಸಾಕಾಗಿತ್ತು. ಒಳಗೇ ಉಳಿಯಲು ನಿಮಗೆ ಆ ಹನ್ನೊಂದು ದಿನಗಳು ಬೇಕಾಗಿದ್ದವು. ಅವನ್ನು ನಿಮಗೆ ಕೊಟ್ಟದ್ದು ಅವಳ ಭಯ. ಆ ಭಯ ಕೊಟ್ಟವರು ನಾವು.

ನಾನು ತುಮಕೂರು ಸೀಮೆಯ ಹಳ್ಳಿಯವನು. ಅಕ್ಷರ ದುಂಡಗಿದೆ ಎಂದು ಹುಡುಗನಾಗಿದ್ದಾಗ ಮದುವೆ ಮನೆಗಳಲ್ಲಿ ಮುಯ್ಯಿ ಬರೆಯಲು ಕೂರಿಸುತ್ತಿದ್ದರು. ಚಪ್ಪರದ ಪಕ್ಕ ಒಂದು ಮೇಜು, ಎಲೆ ಅಡಿಕೆಯ ತಟ್ಟೆ, ಉದ್ದನೆಯ ನೋಟ್‌ಬುಕ್ಕು. ಕೊಟ್ಟವರ ಹೆಸರು, ಅವರಪ್ಪನ ಹೆಸರು, ಊರು, ಆಮೇಲೆ ಮೊತ್ತ. ಐದು ರೂಪಾಯಿ ಆದರೂ ಅದೇ ಕ್ರಮ. ಗದ್ದಲದಲ್ಲಿ ಒಬ್ಬರು ಹೆಸರು ಹೇಳದೆ ನೋಟು ಇಟ್ಟು ಹೋದರೆ ಅಪ್ಪ ನನ್ನನ್ನು ಅವರ ಹಿಂದೆ ಓಡಿಸುತ್ತಿದ್ದರು. ‘ಕೊಟ್ಟೋರು ಯಾರು ಅಂತ ಗೊತ್ತಿಲ್ದೆ ಬುಕ್ಕಿಗೆ ಏರಿಸ್ಬೇಡ. ನಾಳೆ ಅವರ ಮನೆ ಮದ್ವೇಲಿ ನಾವು ಏನು ಹಾಕೋದು?’ ಉಡುಗೊರೆ ಎಂದರೆ ನಮ್ಮಲ್ಲಿ ಪುಕ್ಕಟೆ ಮಾಲಲ್ಲ. ಅದು ಎರಡು ಮನೆಗಳ ನಡುವಿನ ಲೆಕ್ಕ, ಹಾಗಾಗಿಯೇ ಮರ್ಯಾದೆ. ನೀವು ಕದ್ದದ್ದು ಆ ಮರ್ಯಾದೆಯನ್ನು.

ನಿಮ್ಮ ಬಲೆಗೆ ಬಿದ್ದವರನ್ನು ಆಸೆಬುರುಕರು ಎನ್ನುವುದು ತಪ್ಪು. ನನಗೆ ಅದು ಅರ್ಥವಾದದ್ದು ಮಗಳಿಂದ. ಅವಳು ಎಲೆಕ್ಟ್ರಾನಿಕ್ ಸಿಟಿಯ ಐಟಿ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ನಿಮ್ಮ ಮೇಲ್‌ನ ಪ್ರತಿಯನ್ನು ಅವಳ ಮುಂದಿಟ್ಟೆ. ಅವಳು ಪಕ್ಕದಲ್ಲಿ ತನ್ನ ಕಂಪನಿಯಿಂದ ಅದೇ ವಾರ ಬಂದಿದ್ದ ದಸರಾ ಮೇಲ್ ತೆರೆದು ತೋರಿಸಿದಳು. ಕಂಪನಿಯದ್ದು ಅಸಲಿ ವೋಚರ್. ಆದರೆ ಕಳಿಸಿದ್ದು ಕಂಪನಿಯ ವಿಳಾಸದಿಂದಲ್ಲ, ಯಾವುದೋ ಹೊರಗಿನ ಏಜೆನ್ಸಿಯಿಂದ. ಅಲ್ಲಿಯೂ ಅದೇ ಬಣ್ಣ, ಅದೇ ಶುಭಾಶಯ, ‘ಇಲ್ಲಿ ಒತ್ತಿ, ಇಷ್ಟು ದಿನದೊಳಗೆ ಪಡೆಯಿರಿ’ ಎಂಬ ಅದೇ ಸಾಲು. ಎರಡರಲ್ಲಿ ಯಾವುದು ಸುಳ್ಳು ಎಂದು ಅವಳೂ ಒಂದು ನಿಮಿಷ ನೋಡಬೇಕಾಯಿತು. ಮೊದಲು ಊಟದ ಕೂಪನ್ ಪುಸ್ತಕ ಕೊಡುತ್ತಿದ್ದ ಕಂಪನಿಗಳು ಈಗ ಹಬ್ಬದ ಉಡುಗೊರೆ, ಒಳ್ಳೆ ಕೆಲಸದ ಬಹುಮಾನ, ಹತ್ತು ವರ್ಷ ಸೇವೆಯ ಗೌರವ, ಎಲ್ಲವನ್ನೂ ಮೇಲ್‌ನಲ್ಲಿ ಬರುವ ಕೋಡ್ ಮಾಡಿವೆ. ದುಡಿದವರಿಗೆ ಅದು ದುಡಿಮೆಯದೇ ಒಂದು ಭಾಗ. ತನಗೆ ಬರಬೇಕಾದದ್ದು ಬಂತು ಎಂದು ನಂಬಿ ತೆರೆಯುವುದು ಆಸೆಬುರುಕತನವಲ್ಲ.

ಪೀಣ್ಯದ ಕಥೆ ಬೇರೆ, ಆದರೆ ಅದೂ ನಂಬಿಕೆಯದೇ. ‘ಗೊತ್ತಿಲ್ಲದವರ ಮೇಲ್ ತೆರೆಯಬೇಡಿ’ ಎಂದು ತಿಳಿದವರು ಬುದ್ಧಿ ಹೇಳುತ್ತಾರೆ. ನಮ್ಮ ಹೊಟ್ಟೆಪಾಡೇ ಗೊತ್ತಿಲ್ಲದವರ ಮೇಲ್. ಪುಣೆಯಿಂದಲೋ ಕೊಯಮತ್ತೂರಿನಿಂದಲೋ ಒಬ್ಬರು ಡ್ರಾಯಿಂಗ್ ಕಳಿಸಿ ‘ಈ ಪಾರ್ಟ್ 500 ಪೀಸ್‌ಗೆ ರೇಟ್ ಕೊಡಿ’ ಎನ್ನುತ್ತಾರೆ. ಅಟ್ಯಾಚ್‌ಮೆಂಟ್ ತೆರೆಯದಿದ್ದರೆ ಆರ್ಡರ್ ಪಕ್ಕದ ಶೆಡ್ಡಿಗೆ ಹೋಗುತ್ತದೆ. ಹತ್ತು ಜನರ ಶಾಪಿನಲ್ಲಿ ಐಟಿ ವಿಭಾಗ ಎಂಬುದು ಇರುವುದಿಲ್ಲ. ಒಂದೇ ಕಂಪ್ಯೂಟರ್‌ನಲ್ಲಿ ಟ್ಯಾಲಿ, ನೆಟ್ ಬ್ಯಾಂಕಿಂಗ್, ಮೇಲ್, ಜಿಎಸ್‌ಟಿ ಎಲ್ಲವೂ ಇರುತ್ತದೆ. ಪಾಸ್‌ವರ್ಡ್‌ಗಳೂ ಬ್ರೌಸರಿನಲ್ಲೇ ಉಳಿದಿರುತ್ತವೆ. ಒಂದು ಬೀಗ ಒಡೆದರೆ ಇಡೀ ಮನೆ ಸಿಗುತ್ತದೆ ಎಂಬುದು ನಿಮಗೆ ಚೆನ್ನಾಗಿ ಗೊತ್ತು.

ಈ ಬಲೆ ಹಳೆಯದು. 2000ದ ಮೇ 4ರಂದು ಪ್ರೇಮಪತ್ರದ ಹೆಸರಿನಲ್ಲಿ ಫಿಲಿಪ್ಪೀನ್ಸ್‌ನಿಂದ ಹೊರಟ ‘ಐ ಲವ್ ಯೂ’ ಎಂಬ ಹುಳು ಲೋಕದ ಲಕ್ಷಾಂತರ ಕಂಪ್ಯೂಟರ್‌ಗಳಿಗೆ ಹರಡಿತು. ಅದರ ಹೆಸರಿನ ಕೊನೆಯ ತುಂಡನ್ನು ವಿಂಡೋಸ್ ಮರೆಮಾಚುತ್ತಿದ್ದುದರಿಂದ ಓಡುವ ಪ್ರೋಗ್ರಾಂ ಒಂದು ಸಾದಾ ಬರಹದ ಫೈಲಿನಂತೆ ಕಾಣುತ್ತಿತ್ತು. ನೀವು ಕಳಿಸಿದ್ದೂ ಅದೇ ಬಗೆ. ಹೊರಗೆ ಪಿಡಿಎಫ್, ಒಳಗೆ ಪ್ರೋಗ್ರಾಂ. 2020ರ ಕ್ರಿಸ್‌ಮಸ್ ಹೊತ್ತಿಗೆ, ಕೊರೊನಾ ಕಾಲದಲ್ಲಿ ಜನ ಉಡುಗೊರೆಗಳನ್ನು ಆನ್‌ಲೈನ್‌ನಲ್ಲೇ ಕಳಿಸುತ್ತಿದ್ದಾಗ, ಅಮೆಜಾನ್ ಗಿಫ್ಟ್ ಕಾರ್ಡ್ ಎಂಬ ನೆಪದಲ್ಲಿ ‘ಡ್ರೈಡೆಕ್ಸ್’ ಎಂಬ ಬ್ಯಾಂಕ್ ಕಳ್ಳ ತಂತ್ರಾಂಶವನ್ನು ಹಂಚಿದರು. ವರ್ಡ್ ಫೈಲ್ ತೆರೆದು ‘ಎನೇಬಲ್ ಕಂಟೆಂಟ್’ ಒತ್ತಿದರೆ ಒಳಗಿದ್ದ ಮ್ಯಾಕ್ರೋ ಎಂಬ ಪುಟ್ಟ ಪ್ರೋಗ್ರಾಂ ಎದ್ದು ಕೆಲಸ ಶುರು ಮಾಡುತ್ತಿತ್ತು. ಇಂಟರ್ನೆಟ್‌ನಿಂದ ಬಂದ ಫೈಲ್‌ಗಳ ಮ್ಯಾಕ್ರೋಗಳನ್ನು ತಡೆಯುತ್ತೇವೆ ಎಂದು ಮೈಕ್ರೋಸಾಫ್ಟ್ 2022ರಲ್ಲಿ ಘೋಷಿಸಿದ ಮೇಲೆ ನಿಮ್ಮ ದಂಧೆಯವರು ಜಿಪ್ ಫೈಲು, ಒನ್‌ನೋಟ್ ಫೈಲುಗಳಿಗೆ ದಾಟಿಕೊಂಡರು. ಬಾಗಿಲು ಬದಲಾಗುತ್ತಾ ಹೋಯಿತು. ಹೊಸ್ತಿಲ ಮೇಲೆ ನಿಂತು ಆಡುವ ಮಾತು ಮಾತ್ರ ಅದೇ: ನಿಮಗೊಂದು ಉಡುಗೊರೆ ತಂದಿದ್ದೇನೆ.

ನಮ್ಮ ಊರಿನಲ್ಲೇ ದೊಡ್ಡವರಿಗೂ ಇದು ತಟ್ಟಿದೆ. 2019ರ ಏಪ್ರಿಲ್‌ನಲ್ಲಿ ಸರ್ಜಾಪುರ ರಸ್ತೆಯ ವಿಪ್ರೋ, ತನ್ನ ಕೆಲವು ಉದ್ಯೋಗಿಗಳ ಖಾತೆಗಳು ಫಿಶಿಂಗ್ ಮೇಲ್‌ಗಳಿಗೆ ಸಿಕ್ಕಿದ್ದನ್ನು ಒಪ್ಪಿಕೊಂಡಿತು. ಅದನ್ನು ಮೊದಲು ಬಯಲಿಗೆ ತಂದ ಅಮೆರಿಕದ ಪತ್ರಕರ್ತ ಬ್ರಯಾನ್ ಕ್ರೆಬ್ಸ್ ವರದಿಯಂತೆ, ದೂರದಿಂದ ಕಂಪ್ಯೂಟರ್ ನಡೆಸುವ ತಂತ್ರಾಂಶವನ್ನು ನೂರಕ್ಕೂ ಹೆಚ್ಚು ಯಂತ್ರಗಳಲ್ಲಿ ಕೂರಿಸಲಾಗಿತ್ತು. ಅಲ್ಲಿಂದ ಗ್ರಾಹಕ ಕಂಪನಿಗಳೊಳಗೆ ನುಗ್ಗಿ, ಗಿಫ್ಟ್ ಕಾರ್ಡ್ ಮೂಲಕ ಹಣ ಮಾಡುವುದು ಕಳ್ಳರ ಉದ್ದೇಶವಾಗಿ ಕಂಡಿತು. ಗಿಫ್ಟ್ ಕಾರ್ಡಿನ ಕೋಡ್‌ಗೆ ಹೆಸರಿಲ್ಲ, ಖಾತೆ ನಂಬರಿಲ್ಲ. ಕೋಡ್ ಯಾರ ಕೈಯಲ್ಲಿದೆಯೋ ಹಣ ಅವರದು, ಒಮ್ಮೆ ಬಳಸಿದರೆ ವಾಪಸ್ ಬರುವುದಿಲ್ಲ. ಕೊಟ್ಟವರ ಹೆಸರು ಕಳಚಿಹೋದ ಉಡುಗೊರೆ ಕಳ್ಳರಿಗೆ ನಗದು. ಆದ್ದರಿಂದಲೇ ಅದು ನಿಮಗೆ ಗಾಳದ ಎರೆಹುಳುವೂ ಹೌದು, ಹಿಡಿಯಬೇಕಾದ ಮೀನೂ ಹೌದು.

2024ರ ಕೊನೆಯಲ್ಲಿ ವೈಟ್‌ಫೀಲ್ಡ್ ಭಾಗದಲ್ಲಿ ಉಡುಗೊರೆ ಮೇಲ್‌ನಲ್ಲಿ ಬರದೆ ಕೊರಿಯರ್‌ನಲ್ಲೇ ಬಂತು. ಬ್ಯಾಂಕಿನವರ ಸೋಗು ಹಾಕಿದವರು ಕ್ರೆಡಿಟ್ ಕಾರ್ಡ್ ಮಾತೆತ್ತಿ ಒಬ್ಬರಿಗೆ ಹೊಸ ಮೊಬೈಲ್ ಕಳಿಸಿಕೊಟ್ಟರು. ಫೋನಿನೊಳಗೆ ಮೊದಲೇ ಕಳ್ಳ ಆ್ಯಪ್ ಇತ್ತು. ಅವರು ತಮ್ಮ ಸಿಮ್ ಹಾಕಿದ ಮೇಲೆ ಬ್ಯಾಂಕಿನ ಸಂದೇಶಗಳು ಕಳ್ಳರ ಪಾಲಾದವು. ಕಳೆದುಕೊಂಡದ್ದು ₹2.8 ಕೋಟಿ. 2025ರ ಜನವರಿಯಲ್ಲಿ ವೈಟ್‌ಫೀಲ್ಡ್‌ನ ಸೈಬರ್ ಅಪರಾಧ (ಸಿಇಎನ್) ಪೊಲೀಸ್ ಠಾಣೆಯಲ್ಲಿ ಪ್ರಕರಣ ದಾಖಲಾಯಿತು. ಆ ಸುದ್ದಿ ಬಂದ ದಿನವೂ ‘ಇಷ್ಟು ಓದಿದವರಿಗೆ ಬುದ್ಧಿ ಬೇಡವಾ?’ ಎಂದು ಜನ ಆಡಿಕೊಂಡದ್ದನ್ನು ನಾನು ಕೇಳಿದ್ದೇನೆ. ಅವರು ಅಷ್ಟೊಂದು ಹಣ ಕಳೆದುಕೊಂಡಿದ್ದರು. ಅವರಿಗೆ ಬೇಕಾಗಿದ್ದದ್ದು ಪಕ್ಕದಲ್ಲಿ ನಿಲ್ಲುವ ಒಬ್ಬರು.

ಇಲ್ಲಿ ಒಂದು ಮಾತು ನಿಮ್ಮನ್ನು ಬಿಟ್ಟು ನಮ್ಮ ಕಂಪನಿಗಳವರಿಗೆ ಹೇಳಬೇಕು. ನೌಕರರನ್ನು ಪರೀಕ್ಷಿಸಲು ಕಂಪನಿಗಳೇ ಸುಳ್ಳು ಮೇಲ್ ಕಳಿಸುವ ಪದ್ಧತಿ ಇದೆ. 2020ರ ಡಿಸೆಂಬರ್‌ನಲ್ಲಿ ಅಮೆರಿಕದ ಗೋಡ್ಯಾಡಿ ಕಂಪನಿ ತನ್ನ ನೌಕರರಿಗೆ 650 ಡಾಲರ್ ಹಬ್ಬದ ಬೋನಸ್ ಎಂದು ಮೇಲ್ ಕಳಿಸಿತು. ನಂಬಿ ಒತ್ತಿದ ಸುಮಾರು 500 ಜನರಿಗೆ ‘ನೀವು ಪರೀಕ್ಷೆಯಲ್ಲಿ ಫೇಲ್’ ಎಂಬ ಉತ್ತರ ಹೋಯಿತು. ಕೊರೊನಾದಲ್ಲಿ ನೊಂದಿದ್ದ ಜನರ ಜೊತೆ ಹೀಗೆ ಮಾಡಿದ್ದಕ್ಕೆ ಕಂಪನಿ ಕೊನೆಗೆ ಕ್ಷಮೆ ಕೇಳಬೇಕಾಯಿತು. ಅಂಥ ಪರೀಕ್ಷೆ ನೌಕರನಿಗೆ ಕಲಿಸುವುದು ಜಾಗರೂಕತೆಯನ್ನಲ್ಲ, ಒತ್ತಿದ್ದನ್ನು ಬಚ್ಚಿಡುವುದನ್ನು. ನಿಜವಾದ ವೋಚರ್ ಕೊಡುವವರು ಮೊದಲೇ ಹೇಳಿಬಿಡಲಿ: ಇಂಥ ದಿನ, ಇಂಥವರಿಂದ, ಕಂಪನಿಯ ಒಳಗಿನ ಪೋರ್ಟಲ್‌ನಲ್ಲೇ ಬರುತ್ತದೆ, ಮೇಲ್‌ನಲ್ಲಿ ಫೈಲ್ ಬರುವುದಿಲ್ಲ. ಹೇಳಲು ಎರಡು ಸಾಲು ಸಾಕು. ಕೊಟ್ಟವರು ಹೆಸರು ಹೇಳಿ ಕೊಟ್ಟರೆ, ತೆಗೆದುಕೊಳ್ಳುವವರು ಅನುಮಾನ ಪಡಬೇಕಾಗಿಲ್ಲ.

ಈಗ ಮತ್ತೆ ನಿಮ್ಮ ಕಡೆಗೆ ಬರುತ್ತೇನೆ. ಹಿಡಿಯುವವರಿಲ್ಲ ಎಂದು ನೀವು ಅಂದುಕೊಂಡಿರಬಹುದು. 2000ದಲ್ಲಿ ಆ ‘ಐ ಲವ್ ಯೂ’ ಹುಳುವನ್ನು ಬಿಟ್ಟ ಫಿಲಿಪ್ಪೀನ್ಸ್ ಯುವಕನನ್ನು ಶಿಕ್ಷಿಸಲು ಅವನ ದೇಶದಲ್ಲಿ ಕಾನೂನೇ ಇರಲಿಲ್ಲ. ಅದೇ ವರ್ಷ ನಮ್ಮಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆ ಬಂತು. ಮಾರನೇ ವರ್ಷ, 2001ರಲ್ಲಿ, ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ ತೆರೆದದ್ದು ಇದೇ ಬೆಂಗಳೂರಿನಲ್ಲಿ. ಇನ್ನೊಬ್ಬರ ಪಾಸ್‌ವರ್ಡ್ ಕದ್ದು ಬಳಸಿದರೆ ಆ ಕಾಯ್ದೆಯ ಕಲಂ 66ಸಿ, ಕಂಪ್ಯೂಟರ್ ಮೂಲಕ ಇನ್ನೊಬ್ಬರ ಸೋಗು ಹಾಕಿ ಮೋಸ ಮಾಡಿದರೆ ಕಲಂ 66ಡಿ. ಎರಡಕ್ಕೂ ಮೂರು ವರ್ಷದವರೆಗೆ ಜೈಲು. ಆದರೆ ಕಾನೂನು ಓಡುವುದು ದೂರು ಕೊಟ್ಟ ಮೇಲೆ. ದೂರು ಕೊಡದಂತೆ ನಾಚಿಕೆ ತಡೆದಷ್ಟೂ ಹೊತ್ತು ನೀವು ಮುಂದೆ ಇರುತ್ತೀರಿ.

ಅದಕ್ಕೇ ಈ ಪತ್ರವನ್ನು ನಿಮ್ಮ ಜೊತೆಗೆ ಉಳಿದವರೂ ಓದಲಿ. ಹಣ ಹೋಗಿದೆ ಎಂದು ಗೊತ್ತಾದ ಕ್ಷಣ 1930ಕ್ಕೆ ಫೋನ್ ಮಾಡಬೇಕು. ಕೇಂದ್ರ ಗೃಹ ಸಚಿವಾಲಯದ ಈ ವ್ಯವಸ್ಥೆ ಬ್ಯಾಂಕ್‌ಗಳಿಗೆ ಸುದ್ದಿ ಮುಟ್ಟಿಸಿ, ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮುನ್ನ ತಡೆಯಲು ನೋಡುತ್ತದೆ. ನಮ್ಮ ಹಣದಲ್ಲಿ ಉಳಿದ ಪಾಲು ಹೀಗೆಯೇ ಉಳಿದದ್ದು. ಎರಡು ದಿನ ಮೊದಲೇ ಗೊತ್ತಾಗಿದ್ದರೆ ಇನ್ನೂ ಉಳಿಯುತ್ತಿತ್ತು. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಹೇಳಿದ್ದು ಹೀಗೆ: ಗ್ರಾಹಕನ ತಪ್ಪಿನಿಂದಲೇ, ಅವನ ಅನುಮತಿಯಿಲ್ಲದೆ ಖಾತೆಯಿಂದ ಹಣ ಹೋಗಿದ್ದರೂ, ಬ್ಯಾಂಕಿಗೆ ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು. ತಪ್ಪು ಗ್ರಾಹಕನದೂ ಅಲ್ಲ, ಬ್ಯಾಂಕಿನದೂ ಅಲ್ಲ ಎಂದಾದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದವರ ಮೇಲೆ ಹೊಣೆಯೇ ಇಲ್ಲ. ಹಣ ಹೋಗುವ ಮೊದಲೇ, ಬರೀ ಅನುಮಾನ ಬಂದಾಗ ಮಾಡಬೇಕಾದದ್ದೂ ಇದೆ: ಕಂಪ್ಯೂಟರ್‌ನಿಂದ ಇಂಟರ್ನೆಟ್ ತಂತಿ ಕಿತ್ತು, ಬೇರೆ ಸಾಧನದಿಂದ ಪಾಸ್‌ವರ್ಡ್ ಬದಲಿಸಿ, ಗ್ರಾಹಕರಿಗೆ ಫೋನ್ ಮಾಡಿ ಎಚ್ಚರಿಸಬೇಕು. ಕಂಪ್ಯೂಟರ್ ಶುಚಿ ಮಾಡುವ ಉಚಿತ ಸಲಕರಣೆಗಳನ್ನು ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ 2017ರಿಂದ ಕೊಡುತ್ತಿದೆ. ಇಷ್ಟೆಲ್ಲ ಇದ್ದರೂ ಎಲ್ಲಕ್ಕೂ ಮೊದಲ ಹೆಜ್ಜೆ ಒಂದೇ. ಒತ್ತಿದವರು ಬಾಯಿ ಬಿಡಬೇಕು. ಬಾಯಿ ಬಿಡುವ ಧೈರ್ಯ ಅವರಿಗೆ ಬರುವ ಹಾಗೆ ನಾವು ನಡೆದುಕೊಳ್ಳಬೇಕು.

ನಮ್ಮ ಶಾಪಿನಲ್ಲಿ ಎರಡು ನಿಯಮ ಮಾಡಿದ್ದೇವೆ. ಬ್ಯಾಂಕ್ ಖಾತೆ ಬದಲಾವಣೆ ಎಂದು ಯಾರಿಂದ ಮೇಲ್ ಬಂದರೂ, ಮೊದಲಿನಿಂದ ನಮ್ಮ ಬಳಿ ಇರುವ ನಂಬರಿಗೆ ಫೋನ್ ಮಾಡಿ, ಗೊತ್ತಿರುವ ದನಿ ಕೇಳಿದ ಮೇಲೆಯೇ ಹಣ ಹಾಕುವುದು. ಗ್ರಾಹಕರಿಗೂ ಹಾಗೇ ಮಾಡಲು ಬಿಲ್ಲಿನ ಮೇಲೆಯೇ ಅಚ್ಚು ಹಾಕಿಸಿದ್ದೇವೆ. ಎರಡನೆಯದು, ಏನನ್ನಾದರೂ ತಪ್ಪಿ ತೆರೆದವರು ಕೂತಲ್ಲಿಂದಲೇ ಕೂಗಿ ಹೇಳುವುದು. ಹೇಳಿದವರಿಗೆ ಬೈಗುಳ ಇಲ್ಲ, ಸಂಬಳ ಕಡಿತ ಇಲ್ಲ, ಆಮೇಲೆ ಆಡಿಕೊಳ್ಳುವುದೂ ಇಲ್ಲ. ಮಾಲೀಕರ ಕೈಯಲ್ಲಿ ಇದನ್ನು ಬರೆಸಿ, ಸಹಿ ಹಾಕಿಸಿ ಗೋಡೆಗೆ ಅಂಟಿಸಿದ್ದೇನೆ.

ಕಂಪ್ಯೂಟರ್ ಪಕ್ಕದಲ್ಲಿ ಉದ್ದನೆಯದೊಂದು ನೋಟ್‌ಬುಕ್ಕು ಇದೆ. ಹೊಸಬರಿಂದ, ಅಥವಾ ಹಳಬರ ಹೆಸರಿನಲ್ಲಿ ಹೊಸ ರೀತಿಯಲ್ಲಿ ಬರುವ ಮೇಲ್‌ಗಳೆಲ್ಲ ಅದರಲ್ಲಿ ಏರುತ್ತವೆ: ತಾರೀಕು, ಸಮಯ, ಯಾರ ಹೆಸರಿನಲ್ಲಿ ಬಂತು, ಫೋನ್ ಮಾಡಿ ಕೇಳಿದ್ದು ಯಾರನ್ನು, ಅವರು ಏನೆಂದರು. ಕೊಟ್ಟವರು ಯಾರೆಂದು ಗೊತ್ತಾಗುವ ತನಕ ಫೈಲ್ ತೆರೆಯುವುದಿಲ್ಲ. ಅಪ್ಪ ಹೇಳಿದ್ದನ್ನೇ ಇಷ್ಟು ವರ್ಷದ ಮೇಲೆ ಮಾಡುತ್ತಿದ್ದೇನೆ.

ಆ ಬುಕ್ಕು ಶುರುವಾದ ಮೇಲೆ ಒಂದು ಭಾನುವಾರ ನೆಲಮಂಗಲದ ಕಡೆಗೆ ಹೋಗಿ ಬಂದೆ. ಆ ಹುಡುಗಿ ಬೇರೆ ಕೆಲಸ ಹಿಡಿದಿದ್ದಾಳೆ. ಅವಳ ತಾಯಿ ಕಾಫಿ ಕೊಟ್ಟರು. ಅಂದು ಆಡಬೇಕಾಗಿದ್ದ ಮಾತನ್ನು ಅವರಿಬ್ಬರ ಎದುರಿಗೆ ಆಡಿದೆ: ‘ತಪ್ಪು ನಿಂದಲ್ಲಮ್ಮ. ನೀನು ನನ್ನ ಮೇಜಿನ ತನಕ ಬಂದಿದ್ದೆ. ನಾನು ತಲೆ ಎತ್ತಿ ಏನಮ್ಮ ಅಂತ ಕೇಳಬೇಕಿತ್ತು.’ ಅವಳು ಏನೂ ಹೇಳಲಿಲ್ಲ. ಹೊರಡುವಾಗ ಬಸ್‌ ಸ್ಟಾಪಿನವರೆಗೆ ಬಂದಳು.

ಮುಂದಿನ ದಸರಾಕ್ಕೆ ನೀವು ಮತ್ತೆ ಬರೆಯುತ್ತೀರಿ ಎಂದು ಬಲ್ಲೆ. ಪೀಣ್ಯದಲ್ಲಿ ಇಲ್ಲದಿದ್ದರೆ ಬೊಮ್ಮಸಂದ್ರದಲ್ಲಿ, ಅಲ್ಲಿಲ್ಲದಿದ್ದರೆ ಮಹದೇವಪುರದಲ್ಲಿ ಯಾರೋ ಒಬ್ಬರು ತೆರೆದೇ ತೆರೆಯುತ್ತಾರೆ. ನಾನು ಕೇಳಿಕೊಳ್ಳುವುದು ಅವರ ಪಕ್ಕದ ಮೇಜಿನವರನ್ನು: ಆ ಸಂಜೆ ಯಾರಾದರೂ ನಿಮ್ಮ ಹತ್ತಿರ ಬಂದು, ಏನೋ ಹೇಳಲು ಹೊರಟು, ಸುಮ್ಮನೆ ವಾಪಸ್ ತಿರುಗಿದರೆ ತಲೆ ಎತ್ತಿ. ಕೂರಿಸಿಕೊಂಡು ಕೇಳಿ.

ಇಂತಿ,
ಪೀಣ್ಯದ ಒಬ್ಬ ಲೆಕ್ಕದವನು